ಧೂಮಕೇತುವಿನ ದಾರಿ ಒಂದು ಫೈಲ್‌ನಲ್ಲಿದೆ. ತೆರೆದು ನೋಡೋಕೆ ಯಾರ ಅನುಮತಿಯೂ ಬೇಡ

2025ರ ಅಕ್ಟೋಬರ್ 1ರಂದು ಬಜೆಟ್ ಪಾಸಾಗದೆ ಅಮೆರಿಕದ ಸರ್ಕಾರಿ ಕಚೇರಿಗಳಿಗೆ ಬೀಗ ಬಿತ್ತು. ಮಾರನೇ ದಿನವೇ ಮಂಗಳ ಗ್ರಹವನ್ನು ಸುತ್ತುತ್ತಿರುವ ನಾಸಾ ನೌಕೆಯ ಹೈರೈಸ್ ಕ್ಯಾಮೆರಾ 3ಐ/ಅಟ್ಲಾಸ್ ಧೂಮಕೇತುವಿನ ಫೋಟೋ ತೆಗೆಯಿತು. ನಮ್ಮ ಸೌರಮಂಡಲದ ಹೊರಗಿನಿಂದ ಬಂದದ್ದೆಂದು ಖಚಿತವಾಗಿರುವ ಮೂರನೇ ಅತಿಥಿ ಇದು. ಆ ಫೋಟೋ ಹೊರಗೆ ಬಂದಿದ್ದು ನವೆಂಬರ್ 19ಕ್ಕೆ. ನಡುವಿನ ಏಳು ವಾರ ಸಾಕಾಯ್ತು. 'ನಾಸಾ ಏನೋ ಮುಚ್ಚಿಡ್ತಿದೆ', 'ಅದು ಏಲಿಯನ್ ನೌಕೆ', 'ಭೂಮಿ ಕಡೆ ತಿರುಗಿದೆ' - ಇವೆಲ್ಲ ನಿಮ್ಮ ಫೋನಿಗೂ ಬಂದಿರುತ್ತೆ, ನನಗಂತೂ ಬಂತು.

ಫೋಟೋ ತಡವಾಗಿದ್ದು ನಿಜ, ಅದರ ಬಗ್ಗೆ ಸಿಟ್ಟಾಗೋದು ನ್ಯಾಯವೇ. ಆದರೆ 'ಅದು ಎಲ್ಲಿದೆ, ಎಲ್ಲಿಗೆ ಹೋಗ್ತಿದೆ' ಅನ್ನುವ ಪ್ರಶ್ನೆಗೆ ಫೋಟೋ ಬೇಕಾಗಿಯೇ ಇರಲಿಲ್ಲ. ಅದರ ಉತ್ತರ ಆ ಏಳು ವಾರವೂ ಸಾರ್ವಜನಿಕವಾಗಿಯೇ ಇತ್ತು, ಒಂದು ಪುಟ್ಟ ಫೈಲ್‌ನ ರೂಪದಲ್ಲಿ. ಅದನ್ನು ತಯಾರಿಸುವುದು ಹೇಗೆ, ಓದುವುದು ಹೇಗೆ, ಎಲ್ಲಿ ನಂಬಬಾರದು ಅನ್ನೋದನ್ನ ನೋಡೋಣ.

ಕ್ಯಾಲಿಫೋರ್ನಿಯಾದ ಜೆಪಿಎಲ್ ಪ್ರಯೋಗಾಲಯ 'ಹೊರೈಜನ್ಸ್' ಎಂಬ ಸೇವೆ ನಡೆಸುತ್ತೆ. ಲಾಗಿನ್ ಇಲ್ಲ, ಶುಲ್ಕ ಇಲ್ಲ. ಧೂಮಕೇತುವಿನ ಹೆಸರು ಕೊಡಿ (ನಮ್ಮ ಅತಿಥಿಯ ಅಧಿಕೃತ ಹೆಸರು ಸಿ/2025 ಎನ್1), ಯಾವ ದಿನದಿಂದ ಯಾವ ದಿನದವರೆಗೆ ಬೇಕು ಹೇಳಿ, 'ಎಸ್‌ಪಿಕೆ ಫೈಲ್' ಅಂತ ಆಯ್ಕೆ ಮಾಡಿ. ಡೌನ್‌ಲೋಡ್ ಆಗೋ ಫೈಲ್ ವಾಟ್ಸ್ಯಾಪ್‌ನಲ್ಲಿ ಬರುವ ಫೋಟೋಗಿಂತ ದೊಡ್ಡದೇನಲ್ಲ.

ಅದರೊಳಗೆ ಏನಿರುತ್ತೆ? 'ಇಂಥ ದಿನ ಇಲ್ಲಿತ್ತು' ಅನ್ನೋ ಪಟ್ಟಿ ಇರುತ್ತೆ ಅಂದುಕೊಂಡಿದ್ರೆ, ಇಲ್ಲ. ಪಥವನ್ನು ತುಂಡು ತುಂಡು ಮಾಡಿ, ಪ್ರತಿ ತುಂಡಿಗೂ ಸ್ಥಾನ, ವೇಗ ಮತ್ತು ವೇಗ ಹೇಗೆ ಬದಲಾಗ್ತಿದೆ ಅನ್ನುವ ಗುಣಾಂಕಗಳನ್ನು ಇಟ್ಟಿರುತ್ತಾರೆ. ನೀವು ಕೇಳಿದ ಸೆಕೆಂಡಿಗೆ ಸಾಫ್ಟ್‌ವೇರ್ ಆ ಗುಣಾಂಕಗಳಿಂದ ಲೆಕ್ಕ ಹಾಕಿ ಸ್ಥಾನ ಹೇಳುತ್ತೆ. ಹಾಗಾಗಿ ಫೈಲ್ ಚಿಕ್ಕದು, ಉತ್ತರ ಮಾತ್ರ ಯಾವ ಕ್ಷಣಕ್ಕೆ ಬೇಕಾದರೂ ಸಿಗುತ್ತೆ.

ಓದೋಕೆ ಬೇಕಾದ ಸಾಫ್ಟ್‌ವೇರ್ 'ಸ್ಪೈಸ್'. ಜೆಪಿಎಲ್‌ನ ನೈಫ್ ಎಂಬ ತಂಡ ಅದನ್ನು ಉಚಿತವಾಗಿ ಕೊಡುತ್ತೆ. ಪೈಥಾನ್ ಬರುವವರಿಗೆ 'ಸ್ಪೈಸಿಪೈ' ಇದೆ. ಆದರೆ ಧೂಮಕೇತುವಿನ ಫೈಲ್ ಒಂದೇ ಸಾಲದು, ಯಾಕಂದ್ರೆ ಅದು ಸೂರ್ಯನಿಂದ ಧೂಮಕೇತು ಎಲ್ಲಿದೆ ಅಂತ ಮಾತ್ರ ಹೇಳುತ್ತೆ. ನಮಗೆ ಬೇಕಿರೋದು ಭೂಮಿಯಿಂದ ಎಷ್ಟು ದೂರ ಅಂತ. ನೇರ ಬಸ್ ಇಲ್ಲದಾಗ ಮೆಜೆಸ್ಟಿಕ್‌ನಲ್ಲಿ ಇಳಿದು ಬೇರೆ ಬಸ್ ಹತ್ತುವ ಹಾಗೆ, ಇಲ್ಲಿ ಸೂರ್ಯನ ಹತ್ತಿರ ಬಸ್ ಬದಲಿಸಬೇಕು. ಅದಕ್ಕೆ 'ಡಿಇ440' ಎಂಬ ಗ್ರಹಗಳ ಫೈಲ್ ಬೇಕು. ಮೂರನೆಯದು ಅಧಿಕ ಸೆಕೆಂಡುಗಳ ಪಟ್ಟಿ, ಗಡಿಯಾರದ ಸಮಯವನ್ನು ಖಗೋಳ ಲೆಕ್ಕದ ಸಮಯಕ್ಕೆ ತಿರುಗಿಸೋಕೆ. ಈಗ ಇವೆರಡರ ನಡುವೆ 69 ಸೆಕೆಂಡಿನ ವ್ಯತ್ಯಾಸವಿದೆ.

ಈ ಸಮಯದ ವಿಷಯದಲ್ಲಿ ನಾನೂ ಬೇಸ್ತು ಬಿದ್ದಿದ್ದೇನೆ. ಮೊದಲ ಸಲ ಭಾರತೀಯ ಸಮಯವನ್ನೇ ನೇರವಾಗಿ ಕೊಟ್ಟುಬಿಟ್ಟೆ, ಐದೂವರೆ ಗಂಟೆ ಕಳೆಯಲೇ ಇಲ್ಲ. ಸೂರ್ಯನ ಹತ್ತಿರ ಈ ಧೂಮಕೇತುವಿನ ವೇಗ ಸೆಕೆಂಡಿಗೆ ಸುಮಾರು 68 ಕಿ.ಮೀ. ಐದೂವರೆ ಗಂಟೆಗೆ ಎಷ್ಟಾಯ್ತು? 13 ಲಕ್ಷ ಕಿ.ಮೀ. ದಾಟುತ್ತೆ, ಅಂದರೆ ಇಲ್ಲಿಂದ ಚಂದ್ರನಿಗಿರುವ ದೂರದ ಮೂರೂವರೆ ಪಟ್ಟು. ಇಂಜಿನಿಯರಿಂಗ್ ಓದಿದ್ದಕ್ಕೆ ಸಾರ್ಥಕವಾಯ್ತು. 'ನಾಸಾ ಹೇಳಿದ ಜಾಗದಲ್ಲಿ ಧೂಮಕೇತು ಇಲ್ಲ' ಅನ್ನುವ ಎಷ್ಟು ವಿಡಿಯೋಗಳ ಹಿಂದೆ ಇಂಥ ತಪ್ಪು ಇದೆಯೋ ಅನ್ನೋ ಅನುಮಾನ ನನಗೆ ಆಮೇಲೆ ಬಂತು.

ಸರಿಯಾಗಿ ಕೇಳಿದರೆ ಬರುವ ಉತ್ತರ ಹೀಗಿದೆ. ಅಕ್ಟೋಬರ್ 3ರಂದು ಮಂಗಳದಿಂದ ಸುಮಾರು 2.9 ಕೋಟಿ ಕಿ.ಮೀ. ಅಕ್ಟೋಬರ್ 29ರ ಹೊತ್ತಿಗೆ ಸೂರ್ಯನಿಗೆ ಅತಿ ಹತ್ತಿರ, ಆಗಲೂ ಮಂಗಳದ ಕಕ್ಷೆಯ ಸ್ವಲ್ಪ ಒಳಗೆ ಅಷ್ಟೆ. ಡಿಸೆಂಬರ್ 19ರಂದು ಭೂಮಿಗೆ ಅತಿ ಹತ್ತಿರ, ಆ 'ಹತ್ತಿರ' ಅಂದ್ರೆ 27 ಕೋಟಿ ಕಿ.ಮೀ. ನಮಗೂ ಸೂರ್ಯನಿಗೂ ಇರುವ ದೂರಕ್ಕಿಂತ ಬಹುತೇಕ ಎರಡು ಪಟ್ಟು. ಅಷ್ಟು ದೂರದಿಂದ ಬೆಳಕು ಬರೋಕೇ 15 ನಿಮಿಷ ಬೇಕು, ಹಾಗಾಗಿ ದೂರದರ್ಶಕ ತಿರುಗಿಸುವವರು 'ಈಗ ಎಲ್ಲಿದೆ' ಅಂತ ಕೇಳಲ್ಲ, 'ಈಗ ಎಲ್ಲಿ ಕಾಣುತ್ತೆ' ಅಂತ ಕೇಳ್ತಾರೆ. ಸ್ಪೈಸ್‌ನಲ್ಲಿ ಎರಡಕ್ಕೂ ಬೇರೆ ಬೇರೆ ಆಯ್ಕೆ ಇದೆ.

ಇಷ್ಟಾದ ಮೇಲೆ ಫೈಲ್ ಹೇಳಿದ್ದೇ ವೇದವಾಕ್ಯ ಅಂದ್ಕೊಂಡ್ರೆ ಅದೂ ತಪ್ಪೇ.

ಈ ಸಂಖ್ಯೆಗಳು ಹುಟ್ಟೋದು ಹೀಗೆ: ಜಗತ್ತಿನ ನಾನಾ ಕಡೆಯ ದೂರದರ್ಶಕಗಳು, ಹವ್ಯಾಸಿಗಳದ್ದೂ ಸೇರಿ, 'ಈ ಕ್ಷಣ ಆಕಾಶದಲ್ಲಿ ಇಲ್ಲಿ ಕಂಡಿತು' ಅಂತ ಮೈನರ್ ಪ್ಲಾನೆಟ್ ಸೆಂಟರ್‌ಗೆ ಕಳಿಸುತ್ತವೆ. ಜೆಪಿಎಲ್ ಆ ಚುಕ್ಕಿಗಳಿಗೆ ಹೊಂದುವ ಪಥ ಹುಡುಕುತ್ತೆ. ಸೂರ್ಯ, ಗ್ರಹಗಳು, ದೊಡ್ಡ ಕ್ಷುದ್ರಗ್ರಹಗಳ ಸೆಳೆತವನ್ನೆಲ್ಲ ಸೇರಿಸುತ್ತೆ. ಹೊಸ ಚುಕ್ಕಿ ಬಂದಾಗ ಲೆಕ್ಕ ಪರಿಷ್ಕಾರವಾಗುತ್ತೆ, ಹೊಸ ಸೊಲ್ಯೂಷನ್ ನಂಬರ್ ಬರುತ್ತೆ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಫೈಲ್ ಮಾತ್ರ ಡೌನ್‌ಲೋಡ್ ಆದ ದಿನಕ್ಕೇ ನಿಂತಿರುತ್ತೆ. ಜೊತೆಗೆ, 'ಇಷ್ಟು ಕಿ.ಮೀ. ಆಚೀಚೆ ಇರಬಹುದು' ಅನ್ನುವ ಮಾಹಿತಿ ಎಸ್‌ಪಿಕೆ ಫೈಲ್‌ನಲ್ಲಿ ಇರಲ್ಲ. ಹಾಗಾಗಿ ಅದು ಯಾವಾಗಲೂ ಪೂರ್ತಿ ಖಚಿತವಾಗಿ ಮಾತಾಡೋ ಹಾಗೆ ಕಾಣುತ್ತೆ.

ಈ ಪರಿಷ್ಕಾರ ಎಷ್ಟು ದೊಡ್ಡದಿರಬಹುದು? ಯುರೋಪಿನ ಟಿಜಿಒ ನೌಕೆ ಮಂಗಳದ ಕಕ್ಷೆಯಿಂದ ಇದೇ ಧೂಮಕೇತುವನ್ನು ನೋಡಿತು. ಭೂಮಿಯಿಂದ ನೋಡಿದ್ದೂ ಮಂಗಳದಿಂದ ನೋಡಿದ್ದೂ ಸೇರಿದಾಗ, ಎರಡು ಕಣ್ಣಿಂದ ನೋಡಿದಾಗ ದೂರ ತಿಳಿಯುವ ಹಾಗೆ, ಪಥದ ನಿಖರತೆ ಹತ್ತು ಪಟ್ಟು ಹೆಚ್ಚಿತು ಅಂತ ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆ ಹೇಳಿತು.

ಇನ್ನು ವಿವಾದದ ಮೂಲಕ್ಕೆ ಬರೋಣ. ಧೂಮಕೇತುಗಳ ಲೆಕ್ಕದಲ್ಲಿ ಎ1, ಎ2, ಎ3 ಅಂತ ಮೂರು ಸಂಖ್ಯೆ ಬರಬಹುದು. ಗುರುತ್ವಾಕರ್ಷಣೆಯಿಂದಲ್ಲದೆ ಬೇರೆ ಕಾರಣಕ್ಕೆ ಎಷ್ಟು ತಳ್ಳಾಟ ಆಗ್ತಿದೆ ಅಂತ ಇವು ಹೇಳುತ್ತವೆ. ಅಕ್ಟೋಬರ್ ಕೊನೆಗೆ 3ಐ/ಅಟ್ಲಾಸ್‌ಗೂ ಜೆಪಿಎಲ್ ಲೆಕ್ಕದಲ್ಲಿ ಈ ಸಂಖ್ಯೆಗಳು ಕಾಣಿಸಿಕೊಂಡವು. ಅದು ತಂತ್ರಜ್ಞಾನದ ವಸ್ತುವಾಗಿರಬಹುದು ಅಂತ ಮೊದಲಿಂದಲೂ ವಾದಿಸುತ್ತಿದ್ದ ಹಾರ್ವರ್ಡ್‌ನ ಆವಿ ಲೋಬ್ ಇವನ್ನು ಎತ್ತಿ ತೋರಿಸಿದರು. ಯೂಟ್ಯೂಬ್‌ಗೆ ಬರುವ ಹೊತ್ತಿಗೆ 'ಇಂಜಿನ್ ಸ್ಟಾರ್ಟ್ ಆಗಿದೆ' ಅಂತಾಯ್ತು.

ಆದರೆ ಈ ತಳ್ಳಾಟ ಹೊಸದೇನಲ್ಲ. ಬಿಸಿಲಿಗೆ ಮಂಜು ಆವಿಯಾಗಿ ಒಂದು ಬದಿಯಿಂದ ಚಿಮ್ಮಿದರೆ ಧೂಮಕೇತು ಇನ್ನೊಂದು ಬದಿಗೆ ಸರಿಯುತ್ತೆ, ಬಾಯಿ ಕಟ್ಟದ ಬಲೂನ್ ಕೈಬಿಟ್ಟ ಹಾಗೆ. ಫ್ರೆಡ್ ವಿಪಲ್ 1950ರಲ್ಲೇ ಇದನ್ನು ವಿವರಿಸಿದ್ದರು. ಹ್ಯಾಲಿ ಧೂಮಕೇತು ಪ್ರತಿ ಸುತ್ತಿಗೂ ನಾಲ್ಕು ದಿನ ತಡವಾಗಿ ಬರೋದು ಇದೇ ಕಾರಣಕ್ಕೆ. ಎ1, ಎ2 ಸೊನ್ನೆಯಲ್ಲ ಅಂದರೆ ಅದು ಧೂಮಕೇತುವಿನಂತೆ ವರ್ತಿಸ್ತಿದೆ ಅಂತಲೇ ಸಾಮಾನ್ಯ ಅರ್ಥ.

ಲೋಬ್ ತಮ್ಮ ವಾದಕ್ಕೆ ಬಳಸಿದ್ದು ಜೆಪಿಎಲ್‌ನದೇ ಸಂಖ್ಯೆಗಳನ್ನು ಅನ್ನೋದನ್ನ ಮರೀಬೇಡಿ. ಮುಚ್ಚಿಟ್ಟಿದ್ದರೆ ಅವರಿಗೂ ಸಿಗ್ತಿರಲಿಲ್ಲ, ಅವರನ್ನು ಪ್ರಶ್ನಿಸುವವರಿಗೂ ಸಿಗ್ತಿರಲಿಲ್ಲ. ನಮ್ಮಲ್ಲೂ ಚಂದ್ರಯಾನ-2ರ ದತ್ತಾಂಶ ಬೆಂಗಳೂರಿನ ಹತ್ತಿರದ ಬ್ಯಾಲಾಳು ಕೇಂದ್ರದ 'ಪ್ರದಾನ್' ಪೋರ್ಟಲ್‌ನಲ್ಲಿ ಸಿಗುತ್ತೆ, ಹೆಸರು ನೋಂದಾಯಿಸಿದರೆ. ಸಿಗೋದು ಒಳ್ಳೆಯದೇ. ನೋಂದಣಿ ಇಲ್ಲದೆಯೂ ಸಿಗಬೇಕು ಅನ್ನೋದು ನನ್ನ ವಾದ. ನಮ್ಮ ತೆರಿಗೆ ದುಡ್ಡಲ್ಲಿ ಅಳೆದ ಅಂಕಿ ನೋಡೋಕೆ ನಾವು ಯಾರು ಅಂತ ಯಾಕೆ ಹೇಳಬೇಕು?

ಮುಂದಿನ ಪರೀಕ್ಷೆ ಗುರು ಗ್ರಹದ ಹತ್ತಿರ. 2026ರ ಮಾರ್ಚ್ 16ರಂದು 3ಐ/ಅಟ್ಲಾಸ್ ಗುರುವಿನಿಂದ ಸುಮಾರು 5.3 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋಗುತ್ತೆ ಅನ್ನೋದು ಲೆಕ್ಕ. ಗುರುವಿನ ಗುರುತ್ವದ ಹಿಡಿತದ ಅಂಚೂ ಹೆಚ್ಚುಕಡಿಮೆ ಅಷ್ಟೇ ದೂರದಲ್ಲಿದೆ, ಇದು ಆಕಸ್ಮಿಕ ಅಲ್ಲದಿರಬಹುದು ಅನ್ನೋದು ಲೋಬ್ ಅವರ ಇನ್ನೊಂದು ವಾದ. ಆ ದಿನಾಂಕ ಒಳಗೊಂಡ ಫೈಲ್ ತಗೊಂಡು ನೀವೇ ಅಳೆದು ನೋಡಿ. ಸೊಲ್ಯೂಷನ್ ನಂಬರ್ ಬರೆದಿಟ್ಕೊಳ್ಳಿ, ಸಮಯದಲ್ಲಿ ಐದೂವರೆ ಗಂಟೆ ಕಳೆಯೋದನ್ನ ಮರೀಬೇಡಿ.