ನೆಮ್ಮದಿಯ ನಿದ್ದೆಗೆ ತಕ್ಕ ಉಡುಪು

ದಿನಕ್ಕೆ ಏಳೆಂಟು ಗಂಟೆ ಮೈಮೇಲಿದ್ದರೂ ರಾತ್ರಿ ಉಡುಪಿಗೆ ಬಟ್ಟೆ ಖರೀದಿಯಲ್ಲಿ ಸಿಗುವುದು ಕೊನೆಯ ಸ್ಥಾನ. ಹಬ್ಬದ ಸೀರೆಗೆ, ಕಾಲೇಜಿನ ಚೂಡಿದಾರಕ್ಕೆ ನಾಲ್ಕಾರು ಅಂಗಡಿ ಹತ್ತಿಳಿಯುವವರೂ ನೈಟಿಯ ವಿಷಯ ಬಂದಾಗ ಬಣ್ಣ ನೋಡಿ, ರೇಟು ಕೇಳಿ ಎತ್ತಿಕೊಂಡು ಬರುತ್ತಾರೆ. ಹದಿಹರೆಯದ ಮತ್ತು ಇಪ್ಪತ್ತರ ಆಸುಪಾಸಿನ ಹೆಣ್ಣುಮಕ್ಕಳ ಮಟ್ಟಿಗಾದರೂ ಈ ಅಸಡ್ಡೆ ಸಲ್ಲದು. ಹಾಸ್ಟೆಲು, ಪಿ.ಜಿ., ತುಂಬಿದ ಮನೆ ಎಲ್ಲಿದ್ದರೂ ಅವರ ಉಡುಪು ಎರಡು ಕೆಲಸ ಮಾಡಬೇಕು: ನಿದ್ದೆಗೆ ಅಡ್ಡಿಯಾಗಬಾರದು, ಯಾರಾದರೂ ಎದುರಾದಾಗ ಮುಜುಗರ ತರಬಾರದು. ಇವೆರಡೂ ಒಂದಕ್ಕೊಂದು ವಿರುದ್ಧ ಎಂಬುದು ತಪ್ಪು ತಿಳಿವಳಿಕೆ. ಒಳ್ಳೆಯ ಬಟ್ಟೆ, ಸರಿಯಾದ ಹೊಲಿಗೆ ಇದ್ದಲ್ಲಿ ಎರಡೂ ಒಟ್ಟಿಗೇ ಸಿಗುತ್ತವೆ.

ರಾತ್ರಿಗೆಂದೇ ಬೇರೆ ಉಡುಪು ಇಟ್ಟುಕೊಳ್ಳುವುದು ಕರ್ನಾಟಕದ ಮನೆಗಳಲ್ಲಿ ಬಹಳ ಹಳೆಯ ಪದ್ಧತಿಯಲ್ಲ. ಹೆಂಗಸರು ಒಗೆದೊಗೆದು ಮೆತ್ತಗಾದ ಹತ್ತಿ ಸೀರೆಯಲ್ಲೇ ಮಲಗುತ್ತಿದ್ದರು, ಹುಡುಗಿಯರು ಹಳೆಯ ಲಂಗ-ರವಿಕೆಯಲ್ಲಿ. ಆಮೇಲೆ ನೈಟಿ ಬಂತು. ಬರುಬರುತ್ತಾ ಅದು ಮಲಗುವ ಕೋಣೆಯನ್ನು ದಾಟಿ ಅಡುಗೆಮನೆಗೆ, ರಂಗೋಲಿ ಹಾಕುವ ಅಂಗಳಕ್ಕೆ, ತರಕಾರಿ ಗಾಡಿಯ ಬಳಿಗೂ ನಡೆಯಿತು. ಈಗಿನ ಹುಡುಗಿಯರಲ್ಲಿ ಪೈಜಾಮ-ಟೀಶರ್ಟು, ನೈಟ್ ಸೂಟುಗಳೇ ಹೆಚ್ಚು.

ಬಟ್ಟೆಯ ಆಯ್ಕೆಗೆ ಮೊದಲು ನಿದ್ದೆಯಲ್ಲಿ ದೇಹಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯಬೇಕು. ನಿದ್ದೆ ಹತ್ತುವ ಹೊತ್ತಿಗೆ ದೇಹದ ಒಳಗಿನ ಶಾಖ ಇಳಿಯಲು ಶುರುವಾಗುತ್ತದೆ. ಬೆಳಗಿನ ಜಾವದ ಹೊತ್ತಿಗೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಕಡಿಮೆಯಾಗಿರುತ್ತದೆ. ಈ ಶಾಖ ಚರ್ಮದ ಮೂಲಕವೇ ಹೊರಗೆ ಹೋಗಬೇಕು. ಉಡುಪು ಅದನ್ನು ತಡೆದು ನಿಲ್ಲಿಸಿದರೆ ಬೆವರು, ಹೊರಳಾಟ, ಮತ್ತೆ ಮತ್ತೆ ಎಚ್ಚರ. ಹೆಣ್ಣುಮಕ್ಕಳಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿಕೊಳ್ಳುತ್ತದೆ. ಅಂಡಾಣು ಬಿಡುಗಡೆಯಾದ ಮೇಲೆ ಮುಟ್ಟು ಬರುವವರೆಗಿನ ಸುಮಾರು ಎರಡು ವಾರ ಮೈಯ ಶಾಖ 0.3ರಿಂದ 0.5 ಡಿಗ್ರಿಯಷ್ಟು ಏರಿರುತ್ತದೆ. ಹೋದ ವಾರ ಹಿತವಾಗಿದ್ದ ನೈಟ್ ಸೂಟು ಈ ವಾರ ಸೆಕೆ ಎನಿಸಿದರೆ ಅದು ಬರೀ ಭ್ರಮೆಯಾಗಬೇಕಿಲ್ಲ.

ಹತ್ತಿಯ ಹೆಗ್ಗಳಿಕೆ ಇಲ್ಲಿದೆ. ಸಾಧಾರಣ ಹವೆಯಲ್ಲಿ ಹತ್ತಿಯ ಎಳೆ ತನ್ನ ಒಣ ತೂಕದ ಶೇ. 8ರಷ್ಟು ತೇವವನ್ನು ಒಳಗೆ ಹಿಡಿದುಕೊಂಡಿರುತ್ತದೆ; ಪಾಲಿಯೆಸ್ಟರ್ ಹಿಡಿಯುವುದು ಶೇ. ಅರ್ಧಕ್ಕಿಂತ ಕಡಿಮೆ. ಹಾಗಾಗಿ ಪಾಲಿಯೆಸ್ಟರ್ ಸ್ಯಾಟಿನ್ನಿನ ನೈಟಿ ಅಂಗಡಿಯಲ್ಲಿ ನುಣುಪಾಗಿ, ತಣ್ಣಗೆ ಕಂಡರೂ ನಡುರಾತ್ರಿ ಬೆನ್ನಿಗೆ ಅಂಟುತ್ತದೆ. ರೇಯಾನ್ ಹತ್ತಿಗಿಂತಲೂ ಹೆಚ್ಚು ತೇವ ಹೀರುತ್ತದೆ, ಇಳಿಬಿದ್ದು ಚೆನ್ನಾಗಿ ಕಾಣುತ್ತದೆ. ಆದರೆ ಒದ್ದೆಯಾದಾಗ ಅದರ ಬಲ ಕುಗ್ಗುವುದರಿಂದ ಬಲವಾಗಿ ಹಿಂಡಿದರೆ ಬಾಳಿಕೆ ಬರುವುದಿಲ್ಲ. ಹೊಸೈರಿ ಹತ್ತಿ, ಅಂದರೆ ಟೀಶರ್ಟಿನ ಹೆಣಿಗೆ ಬಟ್ಟೆ, ಮೈ ತಿರುಗಿದಂತೆ ಹಿಗ್ಗುತ್ತದೆ. ತಮಿಳುನಾಡಿನ ತಿರುಪ್ಪೂರು ಈ ಬಟ್ಟೆಯ ದೊಡ್ಡ ಕೇಂದ್ರ. ಮಗ್ಗದ ನೇಯ್ಗೆಯ ಹತ್ತಿ ಹಿಗ್ಗದಿದ್ದರೂ ಗಾಳಿಯಾಡಲು ಅದಕ್ಕೆ ಸಾಟಿಯಿಲ್ಲ.

ಅಂಗಡಿಯ ಚೀಟಿಯಲ್ಲಿ ‘ಪ್ಯೂರ್ ಕಾಟನ್’ ಎಂದು ಬರೆದಿದ್ದ ಮಾತ್ರಕ್ಕೆ ನಂಬಬೇಕಿಲ್ಲ. ಒಳಹೊಲಿಗೆಯ ಅಂಚಿನಿಂದ ಬಟ್ಟೆಯದೇ ಒಂದೆರಡು ಎಳೆ ಬಿಡಿಸಿ, ಮನೆಯಲ್ಲಿ ತಟ್ಟೆಯೊಂದರ ಮೇಲೆ ಜೋಪಾನವಾಗಿ ಬೆಂಕಿಕಡ್ಡಿ ತಾಗಿಸಿದರೆ ಗುಟ್ಟು ಹೊರಬೀಳುತ್ತದೆ. ಹತ್ತಿ ಕಾಗದ ಸುಟ್ಟ ವಾಸನೆ ಬೀರಿ ಮೆತ್ತನೆಯ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಮುದುಡಿ, ಕರಗಿ, ಗಟ್ಟಿಯಾದ ಕರಿ ಮಣಿಯಾಗುತ್ತದೆ. ಗಂಜಿಯ ಮೋಸವನ್ನೂ ಗಮನಿಸಬೇಕು. ತೆಳು ಬಟ್ಟೆಗೆ ದಂಡಿಯಾಗಿ ಗಂಜಿ ಕೊಟ್ಟು ಮಾರಿದಾಗ ಅದು ಕೈಗೆ ದಪ್ಪ ಎನಿಸುತ್ತದೆ. ಮೊದಲ ಒಗೆತಕ್ಕೇ ಜಾಳುಜಾಳಾಗುತ್ತದೆ. ಬಟ್ಟೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಜೋರಾಗಿ ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಆ ನೈಟಿಯನ್ನು ಅಲ್ಲೇ ಬಿಟ್ಟುಬರುವುದು ಲೇಸು.

ಊರಿನ ಹವೆಯೂ ಲೆಕ್ಕಕ್ಕೆ ಬರಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರುಗಳಿಗೆ ತೆಳು ಹತ್ತಿಯೇ ಸರಿ. ಮಂಗಳೂರು, ಕಾರವಾರದ ಕಡೆ ಬಿಸಿಲಿಗಿಂತ ಬೆವರೇ ಕಷ್ಟ, ಅಲ್ಲಿಗೆ ಸಡಿಲವಾದ ಗಿಡ್ಡ ತೋಳು ಹಿತ. ಮಲೆನಾಡಿನ ಮಳೆಗಾಲದಲ್ಲಿ ದಪ್ಪ ಹೊಸೈರಿ ಎರಡು ದಿನವಾದರೂ ಒಣಗುವುದಿಲ್ಲ. ತೆಳು ನೇಯ್ಗೆಯ ಉಡುಪು ತೊಟ್ಟು, ಚಳಿಗೆ ಮೇಲೊಂದು ಸ್ವೆಟರ್ ಹಾಕಿಕೊಳ್ಳುವುದೇ ಜಾಣತನ.

ಇನ್ನು ಮುಜುಗರದ ಮಾತು. ಬೆಳಿಗ್ಗೆ ಹಾಲಿನವನು ಬೆಲ್ ಮಾಡಿದಾಗ ಗೂಟದ ಮೇಲಿನ ವೇಲನ್ನೋ ಟವೆಲನ್ನೋ ಹೆಗಲಿಗೆಳೆದುಕೊಂಡು ಬಾಗಿಲಿಗೆ ಓಡುವುದು ಎಷ್ಟೋ ಮನೆಗಳ ನಿತ್ಯದ ನೋಟ. ಆ ಓಟಕ್ಕೆ ಬಹುಪಾಲು ಕಾರಣ ಉಡುಪಿನ ಹೊಲಿಗೆ. ಎದೆಯ ಭಾಗಕ್ಕೆ ಎರಡು ಪದರದ ಬಟ್ಟೆ ಅಥವಾ ಲೈನಿಂಗ್ ಇದ್ದರೆ ವೇಲಿನ ಹಂಗಿರುವುದಿಲ್ಲ. ಬಟ್ಟೆಯೊಳಗೆ ಅಂಗೈ ಇಟ್ಟು ಟ್ಯೂಬ್‌ಲೈಟಿಗೆ ಹಿಡಿದಾಗ ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ಅದು ಪಾರದರ್ಶಕ. ತಿಳಿಬಣ್ಣಕ್ಕಿಂತ ಗಾಢ ಬಣ್ಣ, ದೊಡ್ಡ ಹೂವಿಗಿಂತ ಒತ್ತಾದ ಸಣ್ಣ ಪ್ರಿಂಟು ಮೈಯ ರೇಖೆಗಳನ್ನು ಮರೆಸುತ್ತವೆ. ತೊಟ್ಟು ನೋಡುವಾಗ ನೇರ ನಿಂತು ಕನ್ನಡಿ ನೋಡಿದರೆ ಸಾಲದು. ಬಗ್ಗಿ ನೆಲದ ವಸ್ತು ಎತ್ತಬೇಕು, ಕೈ ಮೇಲೆತ್ತಬೇಕು, ಚಕ್ಕಳಮಕ್ಕಳ ಹಾಕಿ ಕೂರಬೇಕು. ಕೊರಳು ಜೋತುಬಿದ್ದರೆ, ಕಂಕುಳು ತೆರೆದುಕೊಂಡರೆ, ಮೊಣಕಾಲು ಬಿಗಿದರೆ ಅಳತೆ ತಪ್ಪಿದೆ ಎಂದೇ ಅರ್ಥ. ಉದ್ದ ಪಾದದ ಗಂಟಿನವರೆಗೆ ಸಾಕು. ನೆಲ ಗುಡಿಸುವ ನೈಟಿ ಮೆಟ್ಟಿಲಲ್ಲಿ, ಹಾಸ್ಟೆಲಿನ ಮೇಲಿನ ಮಂಚದ ಏಣಿಯಲ್ಲಿ ಕಾಲಿಗೆ ತೊಡರುತ್ತದೆ. ಹತ್ತಿ ಕುಗ್ಗುವುದರಿಂದ ಹೊಸದರಲ್ಲಿ ಒಂದೆರಡು ಇಂಚು ಹೆಚ್ಚಿಗೆ ಇರಲಿ.

ನಿದ್ದೆಯಲ್ಲಿ ಹೊರಳಾಡುವ ಹುಡುಗಿಯರಿಗೆ ನೈಟಿಗಿಂತ ಪೈಜಾಮ ಅನುಕೂಲ, ಅದು ಮೇಲೆ ಸರಿಯುವುದಿಲ್ಲ. ಉದ್ದ ಕುರ್ತಾದೊಂದಿಗೆ ತೊಟ್ಟರೆ ಹಾಸ್ಟೆಲಿನ ಮೆಸ್ಸಿಗೂ ಹಾಗೆಯೇ ಹೋಗಬಹುದು. ಸೊಂಟದ ಇಲಾಸ್ಟಿಕ್ ಬೆಳಿಗ್ಗೆ ಚರ್ಮದ ಮೇಲೆ ಕೆಂಪು ಗೆರೆ ಉಳಿಸಿದರೆ ಅದು ಬಿಗಿ. ಮುಟ್ಟಿನ ದಿನಗಳಲ್ಲಿ ಹೊಟ್ಟೆ ಉಬ್ಬಿದಾಗ ಲಾಡಿಯೇ ಮೇಲು. ಜೇಬೊಂದಿದ್ದರೆ ಕೋಣೆಯ ಬೀಗದ ಕೈಗೆ, ಪ್ಯಾಡಿಗೆ ಜಾಗವಾಗುತ್ತದೆ.

ಮಲಗುವಾಗ ಬ್ರಾ ಬೇಕೇ ಬೇಡವೇ ಎಂಬುದು ತೀರಾ ವೈಯಕ್ತಿಕ. ತೊಟ್ಟರೆ ಸ್ತನ ಕ್ಯಾನ್ಸರ್ ಬರುತ್ತದೆ, ತೊಡದಿದ್ದರೆ ಜೋತುಬೀಳುತ್ತದೆ ಎಂಬ ಎರಡು ಮಾತಿಗೂ ಆಧಾರವಿಲ್ಲ. ತೊಡುವುದಾದರೆ ತಂತಿಯಿಲ್ಲದ ಸಡಿಲ ಹತ್ತಿಯದಿರಲಿ, ಇಲ್ಲವೇ ಒಳಗೊಂದು ಶಿಮ್ಮೀಸು ಸಾಕು. ಒಳಚಡ್ಡಿ ಮಾತ್ರ ಹತ್ತಿಯದೇ ಆಗಬೇಕು, ಬಿಗಿಯಾಗಿರಬಾರದು. ಗಾಳಿಯಾಡದೆ ತೇವ ನಿಂತಲ್ಲಿ ಶಿಲೀಂಧ್ರ ಬೆಳೆಯುತ್ತದೆ; ತೊಡೆಸಂದಿಯ ಹುಳುಕಡ್ಡಿ, ಬಿಳಿಮುಟ್ಟಿನ ತುರಿಕೆಗಳಿಗೆ ಅದೂ ಒಂದು ದಾರಿ. ಔಷಧಕ್ಕೆ ಜಗ್ಗದ ಹುಳುಕಡ್ಡಿ ಈಚಿನ ವರ್ಷಗಳಲ್ಲಿ ಭಾರತದ ಚರ್ಮವೈದ್ಯರಿಗೆ ದೊಡ್ಡ ತಲೆನೋವಾಗಿದೆ. ಅರೆ ಒಣಗಿದ ಬಟ್ಟೆ ತೊಡಬಾರದು. ಬಿಸಿಲಿಲ್ಲದ ದಿನ ಒಳಬಟ್ಟೆಗೆ ಇಸ್ತ್ರಿ ಹಾಕಬೇಕು. ನಾಚಿಕೆಯಿಂದ ಒಳಉಡುಪನ್ನು ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿ ಒಣಹಾಕುವ ಅಭ್ಯಾಸವನ್ನು ತಾಯಂದಿರೇ ಬಿಡಿಸಬೇಕು.

ನೈಟಿಯಲ್ಲೇ ಒಲೆಯ ಮುಂದೆ ನಿಲ್ಲುವುದು ಸಲೀಸು ಎನಿಸಿದರೂ ಅಪಾಯಕಾರಿ. ಅಗಲ ತೋಳು, ತೆಳು ಬಟ್ಟೆ, ಜೋತುಬಿದ್ದ ಲೇಸು ಗ್ಯಾಸಿನ ಉರಿಗೆ ಕ್ಷಣದಲ್ಲಿ ಹೊತ್ತಿಕೊಳ್ಳುತ್ತವೆ. ಹತ್ತಿಯೂ ಉರಿಯುತ್ತದೆ; ಸಿಂಥೆಟಿಕ್ ಕರಗಿ ಚರ್ಮಕ್ಕೆ ಅಂಟುತ್ತದೆ. ಬ್ರಿಟನ್ನು 1985ರಲ್ಲೇ ರಾತ್ರಿ ಉಡುಪಿನ ಬೆಂಕಿ ಸುರಕ್ಷತೆಗೆಂದು ಪ್ರತ್ಯೇಕ ನಿಯಮ ತಂದದ್ದು ಇಂಥ ಅವಘಡಗಳನ್ನು ತಡೆಯಲೆಂದೇ. ಬೆಳಿಗ್ಗೆ ಕಾಫಿಗಿಡುವ ಹುಡುಗಿಗೆ ಮೈಗೆ ಹತ್ತಿರವಾದ ಅರೆತೋಳಿನ ಉಡುಪೇ ಸುರಕ್ಷಿತ.

ಏನು ಸಭ್ಯ ಎಂಬುದನ್ನು ಊರು ತೀರ್ಮಾನಿಸಲು ಹೊರಟ ಉದಾಹರಣೆಯೂ ಇದೆ. 2018ರಲ್ಲಿ ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ತೋಕಲಪಲ್ಲಿಯಲ್ಲಿ ಊರ ಹಿರಿಯರು ಹಗಲು ಹೊತ್ತು ನೈಟಿ ತೊಟ್ಟು ಹೊರಬಂದವರಿಗೆ 2,000 ರೂಪಾಯಿ ದಂಡ ಎಂದು ಕಟ್ಟಳೆ ಮಾಡಿದ್ದರು. ದಂಡದ ಹೆದರಿಕೆಯಿಂದ ತೊಟ್ಟ ಉಡುಪಿನಲ್ಲಿ ನೆಮ್ಮದಿ ಸಿಗದು. ಮನೆಯಲ್ಲಿ ಅಪ್ಪ, ಅಣ್ಣ, ನೆಂಟರ ನಡುವೆ ಯಾವುದು ತನಗೆ ಸಂಕೋಚ ತರುವುದಿಲ್ಲ ಎಂಬುದನ್ನು ತೊಡುವ ಹುಡುಗಿಯೇ ಹೇಳಬೇಕು. ಕೊಡಿಸುವ ಅಮ್ಮ ಅವಳನ್ನು ಜೊತೆಗೆ ಕರೆದುಕೊಂಡು ಹೋಗಬೇಕು.

ಮಾರುಕಟ್ಟೆಯದು ಒಗ್ಗದಿದ್ದರೆ ಹೊಲಿಸುವುದು ಕಷ್ಟವಲ್ಲ. ನೈಟಿಗೆ ಸುಮಾರು 3 ಮೀಟರ್ ಬಟ್ಟೆ ಸಾಕು. ಅಜ್ಜಿಯ ಐದೂವರೆ ಮೀಟರಿನ ಹತ್ತಿ ಸೀರೆಯಲ್ಲಿ ಸವೆದ ಭಾಗ ಬಿಟ್ಟರೂ ಒಂದು ನೈಟಿ, ಎದೆಯ ಒಳಪದರ, ಜೇಬು ಎಲ್ಲವೂ ಆಗುತ್ತವೆ. ಅದರಷ್ಟು ಮೆತ್ತನೆಯ ಬಟ್ಟೆ ಹೊಸದಾಗಿ ಸಿಗುವುದು ಕಷ್ಟ. ಒಬ್ಬರಿಗೆ ಮೂರು ಜೊತೆ ಇದ್ದರೆ ಒಂದು ಮೈಮೇಲೆ, ಒಂದು ಒಗೆತಕ್ಕೆ, ಒಂದು ಕಪಾಟಿನಲ್ಲಿ. ಬೆವರದ ಕಾಲದಲ್ಲಿ ಎರಡು ಮೂರು ರಾತ್ರಿಗೊಮ್ಮೆ, ಸೆಕೆಗಾಲದಲ್ಲಿ ದಿನವೂ ಬದಲಿಸಬೇಕು. ಕಂಕುಳ ಹೊಲಿಗೆ ಬಿಟ್ಟದ್ದು, ಬೆಳಕಿಗೆ ಹಿಡಿದರೆ ಜಾಳಾಗಿ ಕಾಣುವಷ್ಟು ಸವೆದದ್ದು ಒರೆಸುವ ಬಟ್ಟೆಯ ಸಾಲಿಗೆ ಸೇರಲಿ.