ಮೂಕಚಿತ್ರದ ಪುನರ್ನಿರ್ಮಾಣ: ‘ರಾಜಾ ಹರಿಶ್ಚಂದ್ರ’ವನ್ನು ಕುರಿತು ಒಂದು ವಿಚಾರ

ಧುಂಡಿರಾಜ ಗೋವಿಂದ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ ಎಂಬ ಮೂಕಚಿತ್ರವು 1913ನೆಯ ಇಸವಿ ಮೇ 3ರಂದು ಮುಂಬಯಿಯ ಕಾರೊನೇಷನ್ ಚಿತ್ರಮಂದಿರದಲ್ಲಿ ಸಾರ್ವಜನಿಕ ಪ್ರದರ್ಶನಕ್ಕೆ ಬಂದಿತು. ಇದನ್ನು ಇಂದಿನ ಸಲಕರಣೆಗಳಿಂದ ಮತ್ತೊಮ್ಮೆ ತೆಗೆಯಬೇಕೆ ಎಂಬ ಪ್ರಶ್ನೆ ಏಳುವುದು ಸಹಜ. ಚಲಚ್ಚಿತ್ರಕಲೆಯ ವಿಮರ್ಶೆಯು ನಮ್ಮ ಶಾಸ್ತ್ರಕ್ಕೆ ಸೇರಿದುದಲ್ಲ. ಆದರೆ ಹಳೆಯ ದಾಖಲೆಯೊಂದನ್ನು ಹೊಸದಾಗಿ ಮಾಡುವುದೆಂದರೇನು ಎಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ. ಅದಕ್ಕೆ ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಲ್ಲುಗಳು ಒಳ್ಳೆಯ ಉತ್ತರವನ್ನು ಕೊಡಬಲ್ಲವು.

ಕಥೆಯನ್ನು ಮತ್ತೆ ಹೇಳುವುದು ಬೇರೆ, ಚಿತ್ರವನ್ನು ಮತ್ತೆ ತೆಗೆಯುವುದು ಬೇರೆ. ಕಥೆಯ ಮಟ್ಟಿಗೆ ಕನ್ನಡಿಗರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ರಾಘವಾಂಕನು ಪುರಾಣದ ವಸ್ತುವನ್ನೆತ್ತಿಕೊಂಡು ಷಟ್ಪದಿಯಲ್ಲಿ ತನ್ನದೇ ಕಾವ್ಯವನ್ನು ಕಟ್ಟಿದನು. ಯಕ್ಷಗಾನದವರೂ ವೃತ್ತಿನಾಟಕ ಮಂಡಲಿಗಳವರೂ ಅದನ್ನು ತಮ್ಮ ರಂಗಕ್ಕೆ ಒಗ್ಗಿಸಿಕೊಂಡರು. 1943ರಲ್ಲಿ ಆರ್. ನಾಗೇಂದ್ರರಾಯರು, 1965ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು ‘ಸತ್ಯ ಹರಿಶ್ಚಂದ್ರ’ ಎಂಬ ಹೆಸರಿನಲ್ಲಿಯೇ ವಾಕ್ಚಿತ್ರಗಳನ್ನು ಮಾಡಿದರು. ಇವಾವುವೂ ಫಾಲ್ಕೆಯವರ ಚಿತ್ರದ ಪ್ರತಿಗಳಲ್ಲ. ಅಲ್ಲಿನ ತಾರಾಮತಿಯು ನಮ್ಮಲ್ಲಿ ಚಂದ್ರಮತಿಯಾಗಿಯೇ ಉಳಿದಿದ್ದಾಳೆ. ಮೋಹನ ಭವನಾನಿಯವರ ಮೂಕಚಿತ್ರ ‘ವಸಂತಸೇನಾ’ದಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರೂ ಟಿ. ಪಿ. ಕೈಲಾಸಂ ಅವರೂ ಅಭಿನಯಿಸಿದ್ದರು. ಗಿರೀಶ ಕಾರ್ನಾಡರು 1984ರಲ್ಲಿ ‘ಉತ್ಸವ್’ ಚಿತ್ರವನ್ನು ತೆಗೆದಾಗ ಶೂದ್ರಕನ ಪ್ರಕರಣವನ್ನೇ ಆಶ್ರಯಿಸಿದರಲ್ಲದೆ ಆ ಮೂಕಚಿತ್ರವನ್ನಲ್ಲ.

ಫಾಲ್ಕೆಯವರ ಚಿತ್ರವು ನಾಲ್ಕು ಸುರುಳಿಗಳದಾಗಿದ್ದಿತು. ಇಂದು ಉಳಿದಿರುವುದು ಮೊದಲನೆಯದೂ ಕಡೆಯದೂ ಮಾತ್ರ, ಸುಮಾರು 1,475 ಅಡಿ. ಫಾಲ್ಕೆಯವರು 1917ರಲ್ಲಿ ಇದೇ ಕಥೆಯನ್ನು ತಾವೇ ಮತ್ತೊಮ್ಮೆ ತೆಗೆದರು. ಉಳಿದ ತುಣುಕುಗಳು ಆ ಎರಡನೆಯ ಚಿತ್ರದವೆಂದು ಅಭಿಪ್ರಾಯಪಡುವ ವಿದ್ವಾಂಸರಿದ್ದಾರೆ. ಅದು ನಿಜವಾದ ಪಕ್ಷದಲ್ಲಿ, ಪುನರ್ನಿರ್ಮಾಣವು ಮೂಲದ ಸ್ಥಾನವನ್ನೇ ಆಕ್ರಮಿಸಿತೆನ್ನಬೇಕಾಗುತ್ತದೆ. ನಾವು ಶಂಕಿಸುವುದು ಇದನ್ನೇ.

ಇನ್ನು ಮೌನದ ವಿಚಾರ. ಸೊರಬ, ಶಿಕಾರಿಪುರಗಳ ಗ್ರಾಮಗಳಲ್ಲಿ ವೀರಗಲ್ಲುಗಳು ಹೇರಳವಾಗಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಮೇಲಕ್ಕೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಪಟ್ಟಿಕೆಗಳ ನಡುವಣ ಅಂಚಿನಲ್ಲಿ, ಬರಹವಿದ್ದರೆ, ಹೆಸರು, ಕಾಲ, ತುರುಗೊಳ್ ಮೊದಲಾದ ಸಂದರ್ಭವಿಷ್ಟನ್ನೇ ಕೆತ್ತಿರುತ್ತಾರೆ. ಮೂಕಚಿತ್ರದಲ್ಲಿ ದೃಶ್ಯಗಳ ನಡುವೆ ಬರುವ ಬರಹದ ಫಲಕಗಳ ಕೆಲಸವೂ ಇಂಥದೇ. ನೋಡುವವನಿಗೆ ಕಥೆಯ ಕ್ರಮವು ಮೊದಲೇ ಗೊತ್ತು; ಅವನು ಕೇಳುವುದು ಈತ ಯಾರು, ಎಲ್ಲಿ ಎಂಬುದನ್ನು ಮಾತ್ರ. ಹರಿಶ್ಚಂದ್ರನ ಕಥೆಯನ್ನು ಬಾಲ್ಯದಿಂದ ಕೇಳಿ ಬೆಳೆದ ಪ್ರೇಕ್ಷಕನನ್ನು ನಂಬಿಯೇ ಫಾಲ್ಕೆಯವರು ಚಿತ್ರವನ್ನು ಹೆಣೆದರು. ಮಾತಿಲ್ಲದಿರುವುದನ್ನು ಅಲ್ಲಿನ ಕೊರತೆಯೆಂದು ಬಗೆದು ಧ್ವನಿಯನ್ನು ತುಂಬಹೊರಟರೆ ಆ ಹೆಣಿಗೆಯೇ ಬಿಚ್ಚಿಹೋಗುತ್ತದೆ.

ಇದಕ್ಕಿಂತ ಗುರುತರವಾದ ತೊಡಕೊಂದಿದೆ. ನಟಿಸಲು ಸ್ತ್ರೀಯರು ಮುಂದೆ ಬಾರದಿದ್ದುದರಿಂದ ತಾರಾಮತಿಯ ಪಾತ್ರವನ್ನು ಅಣ್ಣಾ ಸಾಳುಂಕೆ ಎಂಬ ಪುರುಷರು ವಹಿಸಿದರು; ಜಲಕ್ರೀಡೆಯ ದೃಶ್ಯದ ಸಖಿಯರೂ ಗಂಡಸರೇ. 1913ರ ಸಮಾಜದ ವಿಷಯದಲ್ಲಿ ಇದಕ್ಕಿಂತ ನೇರವಾದ ಸಾಕ್ಷ್ಯ ವಿರಳ. ಹೊಸ ಚಿತ್ರದಲ್ಲಿ ನಟಿಯೊಬ್ಬಳನ್ನು ತಂದರೆ ಸಾಕ್ಷ್ಯವು ಅಳಿಯುತ್ತದೆ. ಗಂಡಸನ್ನೇ ತಂದರೆ ಅದು ಅಣಕವಾಗುತ್ತದೆ. ತಾಳಗುಂದದಲ್ಲಿ ಕದಂಬ ಶಾಂತಿವರ್ಮನ ಕಾಲದ, ಕುಬ್ಜಕವಿಯ ಸ್ತಂಭಶಾಸನವಿದೆ. ಅದರ ಪಾಠವನ್ನು ಇಂದಿನ ಶಿಲ್ಪಿಯು ಹೊಸ ಕಲ್ಲಿನ ಮೇಲೆ ಇನ್ನೂ ಅಂದವಾಗಿ ಕೆತ್ತಬಲ್ಲನು. ಆದರೆ ಲಿಪಿಯ ಬೆಳವಣಿಗೆಯನ್ನು ಅರಸುವವನಿಗೆ ಆ ಕಲ್ಲಿನಿಂದ ಆಗುವ ಪ್ರಯೋಜನವೇನು?

1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ವರ್ಣವನ್ನು ತುಂಬಿ ಬಿಡುಗಡೆ ಮಾಡಿದರು. ಹೊಸ ಪೀಳಿಗೆಯು ರಾಜಕುಮಾರರ ಅಭಿನಯವನ್ನು ಅದರಿಂದ ಕಂಡಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಕಪ್ಪು-ಬಿಳುಪಿನ ಮೂಲವು ಬೇರೆಯಾಗಿ ಸುರಕ್ಷಿತವಾಗಿರುವವರೆಗೆ ಅಂಥ ಪ್ರಯೋಗಕ್ಕೆ ಅಡ್ಡಿಯಿಲ್ಲ. ವೀರಗಲ್ಲಿಗೆ ಭಕ್ತಿಯಿಂದ ಬಳಿದ ಎಣ್ಣೆಬಣ್ಣದ ಮಾತು ಬೇರೆ. ಅಕ್ಷರಗಳು ಅದರಡಿಯಲ್ಲಿ ಮುಚ್ಚಿಹೋದರೆ ಓದುವವನಿಗೆ ಬೇರೊಂದು ಪ್ರತಿಯಿರುವುದಿಲ್ಲ.

ಆದುದರಿಂದ ಫಾಲ್ಕೆಯವರ ಚಿತ್ರವನ್ನು ಮತ್ತೆ ತೆಗೆಯಬಾರದೆಂದೂ, ಹರಿಶ್ಚಂದ್ರನ ಕಥೆಯನ್ನು ಬೇಕಾದವರು ಬೇಕಾದಂತೆ ತೆಗೆಯಬಹುದೆಂದೂ ನಮ್ಮ ಮತ. ಕಳೆದುಹೋದ ಎರಡು ಸುರುಳಿಗಳಿಗೆ ಏನು ಮಾಡಬೇಕೆಂದರೆ, ಶಾಸನಗಳ ಸಂಪಾದಕರು ಆ ದಾರಿಯನ್ನು ತೋರಿಸಿದ್ದಾರೆ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಹಾಗೂ ಎಂಟನೆಯ ಸಂಪುಟಗಳಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಪ್ರಕಟಿಸಿದಾಗ, ಸವೆದ ಅಕ್ಷರಗಳ ಸ್ಥಳದಲ್ಲಿ ಚುಕ್ಕಿಗಳನ್ನು ಹಾಕಿದರು. ಉಳಿದ ಎರಡು ಸುರುಳಿಗಳನ್ನು ತರಗತಿಯಲ್ಲಿ ಅರ್ಧ ಗಂಟೆಯೊಳಗಾಗಿ ತೋರಿಸಬಹುದು. ನಡುವೆ ಪರದೆಯನ್ನು ಖಾಲಿ ಬಿಟ್ಟು, ಅಲ್ಲಿ ಏನಿದ್ದಿರಬಹುದೆಂಬುದನ್ನು ಅಧ್ಯಾಪಕರು ಬಾಯಿಮಾತಿನಲ್ಲಿ ಹೇಳಿದರೆ ಸಾಕು.