ಆಟದ ಜೇನೂ ಹಿತ್ತಿಲ ಜೇನೂ

ತಾನು ಮಲಗಿರುವಾಗಲೂ ಮನೆಗೆ ಆದಾಯವನ್ನು ತರತಕ್ಕ ವಸ್ತುವೊಂದು ದೊರೆತರೆ ಅದನ್ನು ಬೇಡವೆನ್ನುವ ಗೃಹಸ್ಥನಿಲ್ಲ. ಬಡ್ಡಿಯ ಹಣವು ಹಾಗೆ ಬೆಳೆಯುವುದು. ಫಲಕ್ಕೆ ಬಂದ ತೆಂಗಿನ ಮರವೂ ಒಂದು ಮಟ್ಟಿಗೆ ಹಾಗೆಯೇ. ಹಟ್ಟಿಯ ಹಸು, ಗೂಡಿನ ಕೋಳಿ, ಪೆಟ್ಟಿಗೆಯ ಜೇನು ಇವುಗಳನ್ನೂ ಜನರು ಬಹುಕಾಲದಿಂದ ಇದೇ ಆಸೆಯಿಂದ ಸಾಕುತ್ತ ಬಂದಿರುವರು. ಆದರೆ ಈ ಜೀವಿಗಳು ನಿಜವಾಗಿಯೂ ತಾವಾಗಿಯೇ ಕೊಡುವುವೇ, ಅಥವಾ ಹಾಗೆಂದು ನಂಬಿ ನಾವು ಮೋಸಹೋಗುವೆವೇ? ಈ ಪ್ರಶ್ನೆಯು ಕಳೆದ ಬೇಸಗೆಯ ರಜೆಯಲ್ಲಿ ಪಾಣೆಮಂಗಳೂರಿನ ಒಂದು ಮನೆಯ ಚಾವಡಿಯಲ್ಲಿ ನಮ್ಮೆದುರಿಗೆ ಬಂದಿತು.

ಆ ಮನೆಯು ನೇತ್ರಾವತಿಯ ತೆಂಕಣ ದಡದಿಂದ ಬಹಳ ದೂರದಲ್ಲಿಲ್ಲ. ಹಿಂದೆ ಅಡಕೆಯ ತೋಟ. ತೋಟದಂಚಿನಲ್ಲಿ ನೆರಳು ನೋಡಿ ಇಟ್ಟ ನಾಲ್ಕು ಜೇನುಪೆಟ್ಟಿಗೆಗಳು. ಮನೆಯ ಹಿರಿಯರು ವೀಳ್ಯದ ಹರಿವಾಣವನ್ನು ಮುಂದಿರಿಸಿಕೊಂಡು ನಮ್ಮೊಡನೆ ಮಾತನಾಡುತ್ತಿದ್ದರು. ಬೆಂಗಳೂರಿನಿಂದ ರಜೆಗೆ ಬಂದಿದ್ದ ಹತ್ತು ವರ್ಷದ ಮೊಮ್ಮಗನು ಕಂಬಕ್ಕೊರಗಿ ಕೈಯಲ್ಲಿನ ಫಲಕದ ಮೇಲೆ ಆಟವಾಡುತ್ತಿದ್ದನು. ನಡುನಡುವೆ ಅವನು, “ಅಜ್ಜ, ಇಪ್ಪತ್ತು ಮೊಟ್ಟೆ ಆಯಿತು, ಜೇನೂ ತುಂಬಿತು!” ಎಂದು ಕೂಗುತ್ತಿದ್ದುದನ್ನು ಕೇಳಿ ನಮಗೂ ಕುತೂಹಲವಾಯಿತು.

ಈ ಆಟದ ಹೆಸರು ಮೈನ್‌ಕ್ರಾಫ್ಟ್. ಸ್ವೀಡನ್ ದೇಶದ ಮೊಜಾಂಗ್ ಎಂಬ ಸಂಸ್ಥೆಯು ಇದನ್ನು ೨೦೧೧ರಲ್ಲಿ ಪೂರ್ಣರೂಪದಲ್ಲಿ ಹೊರತಂದಿತು. ಆಟಗಾರನು ಬರಿಗೈಯಿಂದ ಒಂದು ನಿರ್ಜನ ನಾಡಿನಲ್ಲಿ ಬಂದಿಳಿಯುತ್ತಾನೆ. ಮರ ಕಡಿದು, ಕಲ್ಲು ಅಗೆದು, ಮನೆ ಕಟ್ಟಿ, ಹಸಿವನ್ನು ನೀಗಿಕೊಂಡು, ಇರುಳಿನಲ್ಲಿ ಸುಳಿಯುವ ದುಷ್ಟರೂಪಗಳಿಂದ ತಪ್ಪಿಸಿಕೊಂಡು ಬದುಕುವುದೇ ಇದರ ಒಂದು ಮುಖ್ಯ ಬಗೆ. ಮೊದಮೊದಲು ಬೇಟೆಯಾಡಿ ತಿನ್ನುವ ಆಟಗಾರನು ಬರಬರುತ್ತ ಬೇಲಿ ಹಾಕಿ ಪ್ರಾಣಿಗಳನ್ನು ಕೂಡಿಡಲು ಕಲಿಯುತ್ತಾನೆ. ಮನುಷ್ಯಕುಲವು ಸಾವಿರಾರು ವರ್ಷಗಳಲ್ಲಿ ನಡೆದ ದಾರಿಯನ್ನು ಹುಡುಗನೊಬ್ಬನು ಒಂದು ಮಧ್ಯಾಹ್ನದಲ್ಲಿ ನಡೆದುಬಿಡುತ್ತಾನೆ.

ಅಲ್ಲಿಯ ಕೋಳಿಯು ಐದರಿಂದ ಹತ್ತು ನಿಮಿಷಕ್ಕೊಂದರಂತೆ ಮೊಟ್ಟೆಯಿಡುವುದು. ಕೆಳಗೆ ಲಾಳಿಕೆಯನ್ನೂ ಅದರಡಿಯಲ್ಲಿ ಪೆಟ್ಟಿಗೆಯನ್ನೂ ಹೂಡಿದರೆ ಮೊಟ್ಟೆಗಳು ತಾವಾಗಿಯೇ ಪೆಟ್ಟಿಗೆಗೆ ಬೀಳುವುವು. ಕುರಿಯ ಉಣ್ಣೆಯನ್ನು ಕತ್ತರಿಸಿದರೆ ಅದು ಹುಲ್ಲು ಮೇಯ್ದು ಮತ್ತೆ ಉಣ್ಣೆ ಬೆಳೆಸಿಕೊಳ್ಳುವುದು. ಹಸುವಿನ ಕೆಳಗೆ ಬಕೆಟು ಹಿಡಿದಷ್ಟು ಸಲವೂ ಹಾಲು. ಜೇನುನೊಣಗಳು ಈ ಆಟದೊಳಗೆ ಬಂದುದು ೨೦೧೯ರಲ್ಲಿ. ಒಂದು ಗೂಡಿಗೆ ಮೂರೇ ನೊಣಗಳು. ಹೂವಿನಿಂದ ಗೂಡಿಗೆ ಅವು ತಿರುಗಿದಂತೆ ಜೇನು ಐದು ಮಟ್ಟಗಳಲ್ಲಿ ಏರುವುದು. ತುಂಬಿದಾಗ ಸೀಸೆಯನ್ನು ಹಿಡಿದು ಇಳಿಸಿಕೊಳ್ಳಬಹುದು. ಗೂಡಿನ ಕೆಳಗೆ ಬೆಂಕಿಯಿಟ್ಟು ಹೊಗೆ ತಾಗಿಸದಿದ್ದರೆ ನೊಣಗಳು ಸಿಟ್ಟಿಗೆದ್ದು ಕುಟುಕುವುವು. ಮಳೆಯಲ್ಲಿಯೂ ಇರುಳಲ್ಲಿಯೂ ಅವು ಹೊರಗೆ ಹೋಗವು. ಈ ಆಟವನ್ನು ಹೆಣೆದವರು ಜೇನುಸಾಕಣೆಯ ಬಗೆಯನ್ನು ಅರಿಯದವರಲ್ಲವೆಂಬುದು ಇದರಿಂದ ತಿಳಿಯುವುದು.

ಹಿರಿಯರು ಎಲ್ಲವನ್ನೂ ಕೇಳಿ, “ಕೋಳಿಗೆ ದಿನಾ ಕಾಳು ಹಾಕುವವರು ಯಾರು?” ಎಂದರು.

“ಹಾಕಬೇಕೆಂದೇ ಇಲ್ಲ, ಅಜ್ಜ. ಮರಿ ಬೇಕಾದರೆ ಮಾತ್ರ ಬೀಜ ಹಾಕಿದರಾಯಿತು.”

“ಸರಿ. ನೀನು ಕೋಳಿ, ಜೇನು ಎಲ್ಲವನ್ನೂ ಬಿಟ್ಟು ದೂರದ ಊರಿಗೆ ಹೋದೆ ಅನ್ನು. ಆಗ?”

“ತುಂಬ ದೂರ ಹೋದರೆ ಇಲ್ಲಿ ಎಲ್ಲವೂ ನಿಂತುಬಿಡುತ್ತದೆ. ಮೊಟ್ಟೆಯೂ ಇಲ್ಲ, ಜೇನೂ ಇಲ್ಲ. ತಿರುಗಿ ಬಂದರೆ ಬಿಟ್ಟಲ್ಲಿಂದಲೇ ಸುರು.”

ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ನಿನ್ನ ಜೇನು ಪುಣ್ಯ ಮಾಡಿದೆ, ಮಾರಾಯ. ನನ್ನದು ನಾನು ಇಲ್ಲದಾಗಲೇ ಸತ್ತದ್ದು” ಎಂದರು.

ಈ ಒಂದು ಮಾತಿನಲ್ಲಿ ಆಟದ ಸಾಕಣೆಗೂ ಹಿತ್ತಿಲ ಸಾಕಣೆಗೂ ಇರುವ ಅಂತರವೆಲ್ಲ ಅಡಗಿದೆಯೆಂದು ನಮಗೆ ತೋರುತ್ತದೆ. ಆಟದಲ್ಲಿ ಒಡೆಯನು ದೂರ ಸರಿದರೆ ಕಾಲವೂ ಅವನಿಗಾಗಿ ಕಾದು ನಿಲ್ಲುವುದು. ಹಿತ್ತಿಲಲ್ಲಿ ಅದು ಯಾರಿಗಾಗಿಯೂ ನಿಲ್ಲದು. ಹಟ್ಟಿಯ ಹಸುವನ್ನೇ ನೋಡಿರಿ. ಸುಮಾರು ಒಂಬತ್ತು ತಿಂಗಳು ಗರ್ಭ ಹೊತ್ತು ಕರು ಹಾಕಿದ ಮೇಲಷ್ಟೇ ಅದು ಹಾಲು ಕೊಡುವುದು. ಒಂದು ದಿನ ಕರೆಯದೆ ಬಿಟ್ಟರೆ ಕೆಚ್ಚಲು ಬಾತು ನೋಯುವುದು. ತೋಟಕ್ಕೆ ಬೇಕಾದ ಗೊಬ್ಬರವೂ ಬರಿಯ ಸಗಣಿಯಿಂದ ಆಗದು. ಸೊಪ್ಪು ತಂದು ಹಟ್ಟಿಗೆ ಹಾಸಿ, ಹಸು ತುಳಿದುದನ್ನು ತೆಗೆದು, ಗುಂಡಿಯಲ್ಲಿ ಕೊಳೆಯಿಸಬೇಕು. ಕೋಳಿಗೆ ಒಂದು ಮೊಟ್ಟೆಯನ್ನು ಕಟ್ಟಲು ಒಂದು ಹಗಲೂ ಒಂದು ಇರುಳೂ ಸಾಲದೆ ಸುಮಾರು ಇಪ್ಪತ್ತೈದು ಗಂಟೆ ಹಿಡಿಯುವುದು. ಇರುಳು ಗೂಡಿನ ಬಾಗಿಲು ಹಾಕಲು ಮರೆತರೆ ಬೆಳಗ್ಗೆ ಗರಿ ಮಾತ್ರ ಉಳಿದೀತು.

ಇವುಗಳಲ್ಲೆಲ್ಲ ಜೇನೊಂದೇ ತಾನಾಗಿ ದುಡಿಯುವಂತೆ ಕಾಣುವ ಜೀವಿ. ಅದಕ್ಕೆ ಮೇವು ಹೊರಬೇಕಾಗಿಲ್ಲ, ಕಟ್ಟಿಹಾಕಬೇಕಾಗಿಲ್ಲ. ನಮ್ಮ ತೋಟದ ಹೂ ಸಾಲದಿದ್ದರೆ ನೆರೆಯವರ ತೋಟಕ್ಕೂ ಹೋಗಿ ಬರುವುದು. ಆ ತಿರುಗಾಟದಿಂದ ಕುಂಬಳ, ಸೌತೆ, ಹಾಗಲಗಳ ಬಳ್ಳಿಯಲ್ಲಿ ಕಾಯಿ ಕಚ್ಚುವುದೂ ಹೆಚ್ಚುವುದು. ನಮ್ಮ ಜಿಲ್ಲೆಯಲ್ಲಿ ಹೆಜ್ಜೇನು, ಕೋಲುಜೇನು, ತುಡುವೆಜೇನು, ಮುಜಂಟಿ ಎಂಬ ಬಗೆಗಳಿವೆ. ಇವುಗಳಲ್ಲಿ ಮರದ ಪೊಟರೆಯಂತಹ ಕತ್ತಲೆಯ ಎಡೆಯಲ್ಲಿ ಹಲವು ಎರಿಗಳನ್ನು ಸಾಲಾಗಿ ಕಟ್ಟುವ ತುಡುವೆಯೇ ಚೌಕಟ್ಟಿನ ಪೆಟ್ಟಿಗೆಗೆ ಒಗ್ಗಿದುದು.

ಈ ಪೆಟ್ಟಿಗೆಯೂ ಒಂದು ಸೂಕ್ಷ್ಮವಾದ ಅವಲೋಕನದ ಫಲವೇ ಆಗಿದೆ. ೧೮೫೧ರಲ್ಲಿ ಅಮೇರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಯು, ಎರಿಯ ಚೌಕಟ್ಟಿಗೂ ಗೋಡೆಗೂ ನಡುವೆ ನೊಣ ತಿರುಗುವಷ್ಟೇ ಎಡೆಯನ್ನು ಬಿಟ್ಟರೆ ಅವು ಆ ಎಡೆಯನ್ನು ಮೇಣದಿಂದ ಮುಚ್ಚುವುದಿಲ್ಲವೆಂದು ಕಂಡುಕೊಂಡನು. ಎರಿಯನ್ನು ಮುರಿಯದೆ ಹೊರತೆಗೆದು ನೋಡಿ ಮತ್ತೆ ಇಡುವುದು ಇದರಿಂದ ಸುಲಭವಾಯಿತು. ಇಪ್ಪತ್ತನೆಯ ಶತಮಾನದ ಆರಂಭಕಾಲದಲ್ಲಿ ತಿರುಚಿರಾಪಳ್ಳಿಯ ನ್ಯೂಟನ್ ಪಾದ್ರಿಗಳು ನಮ್ಮ ಸಣ್ಣ ನೊಣಕ್ಕೆ ತಕ್ಕ ಸಣ್ಣ ಪೆಟ್ಟಿಗೆಯನ್ನು ರೂಪಿಸಿದರು. ಅದರಲ್ಲಿ ಕೆಳಗಿನದು ಸಂಸಾರದ ಕೋಣೆ. ರಾಣಿಯೂ ಮೊಟ್ಟೆಮರಿಗಳೂ ಅಲ್ಲಿ. ಮೇಲಿನದು ಜೇನಿನ ಕೋಣೆ. ಮೇಲಿನ ಕೋಣೆಯ ಎರಿಗಳನ್ನು ತೆಗೆದು ಯಂತ್ರದಲ್ಲಿ ತಿರುಗಿಸಿದರೆ ಜೇನು ಸಿಡಿದು ಬೀಳುವುದು. ಬರಿದಾದ ಎರಿಯನ್ನು ನೊಣಗಳಿಗೇ ಹಿಂದಕ್ಕೆ ಕೊಡಬಹುದು. ಹಿಂದಿನಂತೆ ಸುಟ್ಟು ಹಿಂಡುವ ಕ್ರೂರತನವು ಬೇಕಾಗಿಲ್ಲ.

ಆದರೆ ಆಟದ ನೊಣಗಳಿಗೂ ನಿಜವಾದ ನೊಣಗಳಿಗೂ ಇನ್ನೊಂದು ವ್ಯತ್ಯಾಸವಿದೆ. ಆಟದ ನೊಣಗಳು ತಾವು ಮಾಡಿದ ಜೇನನ್ನು ತಾವು ತಿನ್ನವು. ಅದು ಆಟಗಾರನಿಗೆಂದೇ ಇರುವುದು. ತುಡುವೆಯು ಜೇನನ್ನು ಕೂಡಿಡುವುದು ನಮಗಾಗಿ ಅಲ್ಲ, ತನ್ನ ಕಷ್ಟಕಾಲಕ್ಕಾಗಿ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯೇ ಆ ಕಾಲ. ಹೂ ವಿರಳ, ಇದ್ದ ಹೂವಿನ ಮಧುವೂ ನೀರಾಗುವುದು, ನೊಣಕ್ಕೆ ಹೊರಡಲು ಬಿಡುವಿಲ್ಲ. ಬೇಸಗೆಯಲ್ಲಿ ಆಸೆಪಟ್ಟು ಸಂಸಾರದ ಕೋಣೆಯ ಜೇನನ್ನೂ ಇಳಿಸಿಕೊಂಡವನ ಪೆಟ್ಟಿಗೆಯು ಆಷಾಢದಲ್ಲಿ ಹಸಿದು, ಕುಟುಂಬವು ಸಾಯುವುದು ಇಲ್ಲವೆ ಗೂಡು ಬಿಟ್ಟು ಹಾರಿಹೋಗುವುದು. ಮಿಕ್ಕಿದುದನ್ನು ಮಾತ್ರ ತೆಗೆಯತಕ್ಕದ್ದೆಂಬ ನಿಯಮವನ್ನು ಆಟದ ಜೇನು ಕಲಿಸಲಾರದು. ಅಲ್ಲಿ ಎಲ್ಲವೂ ಮಿಕ್ಕಿದುದೇ.

ಹಿರಿಯರ ಮಾತಿಗೆ ಕಾರಣವಾದ ಕಥೆಯನ್ನು ಈಗ ಹೇಳಬೇಕು. ೧೯೯೧ರಲ್ಲಿ ಅವರಲ್ಲಿ ಹನ್ನೆರಡು ಪೆಟ್ಟಿಗೆಗಳಿದ್ದುವು. ಮಗಳ ಓದಿನ ಖರ್ಚಿನ ಒಂದು ಪಾಲು ಅವುಗಳಿಂದಲೇ ಸಾಗುತ್ತಿತ್ತು. ಮರುವರ್ಷ ಮುಂಬಯಿಯಲ್ಲಿದ್ದ ಅಣ್ಣನು ಕಾಯಿಲೆ ಬಿದ್ದುದರಿಂದ ಅವರು ಅಲ್ಲಿಗೆ ಹೋಗಿ ಒಂದೂವರೆ ತಿಂಗಳು ನಿಂತರು. “ಜೇನಿಗೇನು, ಅದು ತನ್ನಷ್ಟಕ್ಕೆ ಇರುತ್ತದೆ” ಎಂದುಕೊಂಡು ಯಾರಿಗೂ ವಹಿಸಿರಲಿಲ್ಲ. ತಿರುಗಿ ಬಂದಾಗ ಪೆಟ್ಟಿಗೆಗಳ ಬಾಗಿಲಲ್ಲಿ ಓಡಾಟವಿರಲಿಲ್ಲ. ಮುಚ್ಚಳ ತೆಗೆದರೆ ಎರಿಯ ಕಣ್ಣುಗಳಲ್ಲಿ ಮರಿಗಳು ನೀರು ತುಂಬಿದ ಚೀಲಗಳಂತಾಗಿ ಸತ್ತಿದ್ದುವು. ಬಲಗುಂದಿದ ಎರಿಗಳಲ್ಲಿ ಮೇಣದ ಹುಳು ಬಲೆ ನೇಯ್ದಿತ್ತು. ಹನ್ನೆರಡರಲ್ಲಿ ಒಂದೂ ಉಳಿದಿರಲಿಲ್ಲ.

ಇದು ಅವರೊಬ್ಬರ ದುರದೃಷ್ಟವಲ್ಲ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ೧೯೯೧-೯೨ರಲ್ಲಿ ದಕ್ಷಿಣ ಭಾರತಕ್ಕೆಲ್ಲ ಹರಡಿ, ಇಲ್ಲಿಯ ತುಡುವೆ ಕುಟುಂಬಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಅಳಿಸಿತೆಂದು ಗಣಿಸಲಾಗಿದೆ. ಕೊಡಗಿನಲ್ಲಿಯೂ ನಮ್ಮ ಜಿಲ್ಲೆಯಲ್ಲಿಯೂ ಜೇನನ್ನೇ ನಂಬಿದ್ದ ಎಷ್ಟೋ ಮನೆಗಳ ಪೆಟ್ಟಿಗೆಗಳು ಅಟ್ಟ ಸೇರಿದುವು. ಈ ರೋಗಕ್ಕೆ ಮದ್ದಿಲ್ಲ. ಹಿರಿಯರು ಊರಲ್ಲಿಯೇ ಇದ್ದಿದ್ದರೂ ಎಲ್ಲವನ್ನೂ ಉಳಿಸಲಾರರಾಗಿದ್ದರು. ಅದನ್ನು ಅವರೂ ಒಪ್ಪುವರು. “ಆದರೆ ಮೊದಲು ಕೆಟ್ಟದ್ದನ್ನು ಕಂಡು ಬೇರೆ ಮಾಡಿದ್ದರೆ ಎರಡಾದರೂ ಉಳಿಯುತ್ತಿದ್ದುವೋ ಏನೋ. ಆ ‘ಏನೋ’ ಎಂಬುದೇ ಇಂದಿಗೂ ಚುಚ್ಚುತ್ತದೆ” ಎಂದು ಅವರು ನುಡಿದಾಗ ಹುಡುಗನ ಕೈಯ ಆಟವು ನಿಂತಿತ್ತು.

ರೋಗವನ್ನು ತಡೆದು ಉಳಿದ ಕೆಲವು ಕುಟುಂಬಗಳಿಂದಲೂ, ಕಾಡಿನಿಂದ ಹಿಡಿದು ತಂದ ಕುಟುಂಬಗಳಿಂದಲೂ ಜೇನುಸಾಕಣೆಯು ಮೆಲ್ಲಮೆಲ್ಲನೆ ಮತ್ತೆ ತಲೆಯೆತ್ತಿತು. ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘದಂತಹ ಸಂಸ್ಥೆಗಳು ಸಾಕುವವರಿಗೆ ಆಸರೆಯಾದುವು. ಹಿರಿಯರೂ ಹಲವು ವರ್ಷಗಳ ಮೇಲೆ ಒಂದು ಪೆಟ್ಟಿಗೆಯಿಂದ ತೊಡಗಿ ಈಗ ನಾಲ್ಕಕ್ಕೆ ಬಂದಿರುವರು.

ಜೇನನ್ನು ಸಾಕಬೇಕೆಂದಿರುವ ಗೃಹಸ್ಥರಿಗೆ ಅವರಿಂದ ತಿಳಿದ ನಾಲ್ಕು ಮಾತುಗಳನ್ನು ಇಲ್ಲಿ ಒಪ್ಪಿಸುತ್ತೇವೆ. ಮೊದಲು ಒಂದೆರಡು ಪೆಟ್ಟಿಗೆಗಳು ಸಾಕು. ಪಳಗಿದವರ ಬಳಿ ನಿಂತು ಕಲಿತು, ಆರೋಗ್ಯವಾದ ಕುಟುಂಬವನ್ನೇ ತರಬೇಕು. ಕಾಲುಮಣೆಯ ಕೆಳಗೆ ನೀರಿನ ಬಟ್ಟಲಿಟ್ಟರೆ ಇರುವೆ ಏರದು. ಹೂವಿನ ಕಾಲದಲ್ಲಿ ವಾರಕ್ಕೊಮ್ಮೆಯಾದರೂ ಒಳಗೆ ನೋಡಬೇಕು: ಹೊಸ ಮೊಟ್ಟೆಗಳಿವೆಯೇ, ಮರಿಗಳು ಬೆಳ್ಳಗೆ ಹೊಳೆಯುತ್ತಿವೆಯೇ, ಹೊಸ ರಾಣಿಯ ಗೂಡು ಕಟ್ಟಿ ಕುಟುಂಬವು ಎರಡಾಗಲು ಹೊರಟಿದೆಯೇ ಎಂದು. ನೊಣಗಳು ಮೇಣದಿಂದ ಮುಚ್ಚಿದ ಮಾಗಿದ ಜೇನನ್ನು ಮೇಲಿನ ಕೋಣೆಯಿಂದ ಮಾತ್ರ ತೆಗೆಯಬೇಕು. ಮಳೆಗಾಲದಲ್ಲಿ ಒಳಗೆ ಆಹಾರವಿಲ್ಲದಿದ್ದರೆ ಸಕ್ಕರೆಯ ಪಾಕವನ್ನು ಕೊಡಬೇಕು. ಹೂಬಿಟ್ಟ ಗಿಡಗಳಿಗೆ ಕೀಟನಾಶಕವನ್ನು ಸಿಂಪಡಿಸಬಾರದು. ಊರಿಗೆ ಹೋಗುವಾಗ ಹಸುವನ್ನು ನೆರೆಮನೆಗೆ ವಹಿಸುವಂತೆ ಜೇನನ್ನೂ ಒಬ್ಬರಿಗೆ ವಹಿಸಿಹೋಗಬೇಕು. ಗೃಹಿಣಿಯರಿಗೆ ಇನ್ನೊಂದು ಎಚ್ಚರಿಕೆ: ಎಷ್ಟೇ ಶುದ್ಧವಾದ ಜೇನಾದರೂ ಒಂದು ವರ್ಷ ತುಂಬದ ಕೂಸಿಗೆ ನೆಕ್ಕಿಸಬಾರದು.

ಹುಡುಗನ ಆಟವನ್ನು ನಾವು ಹಳಿಯುವುದಿಲ್ಲ. ಹೊಗೆಯಿಲ್ಲದೆ ಜೇನನ್ನು ಮುಟ್ಟಬಾರದು, ಹೂವಿಲ್ಲದೆ ಜೇನಿಲ್ಲ ಎಂಬುದನ್ನು ನಗರದ ಮಗುವಿಗೆ ಅದೇ ಮೊದಲು ತಿಳಿಸಿತು. ಮರುದಿನ ಬೆಳಗ್ಗೆ ಹಿರಿಯರು ಅವನ ಮುಖಕ್ಕೆ ತೆಳುವಾದ ಬಟ್ಟೆ ಕಟ್ಟಿ ತೋಟಕ್ಕೆ ಕರೆದೊಯ್ದರು. ಹೊಗೆ ತೋರಿಸಿ, ಮುಚ್ಚಳವೆತ್ತಿ, ಒಂದು ಎರಿಯನ್ನು ಬೆಳಕಿಗೆ ಹಿಡಿದರು. ಮೂರೇ ನೊಣಗಳನ್ನು ಬಲ್ಲವನು ಸಾವಿರಾರು ನೊಣಗಳನ್ನು ಕಂಡು ಮಾತಿಲ್ಲದೆ ನಿಂತನು. ಪೆಟ್ಟಿಗೆ ಮುಚ್ಚಿದ ಮೇಲೆ ಅದರ ಗೋಡೆಗೆ ಕಿವಿಯಿಟ್ಟು ಒಳಗಿನ ಮೊರೆತವನ್ನು ಬಹಳ ಹೊತ್ತು ಕೇಳಿದನು.

ರಜೆ ಮುಗಿದು ಅವನು ಬೆಂಗಳೂರಿಗೆ ಹೋಗಿರುವನು. ಮಳೆ ಹಿಡಿದ ಮೇಲೆ ಭಾನುವಾರಗಳಲ್ಲಿ ಅವನು ದೂರವಾಣಿಯಲ್ಲಿ ಕೇಳುವ ಮೊದಲ ಮಾತು ಇದೇ ಎಂದು ಹಿರಿಯರು ನಮಗೆ ತಿಳಿಸಿರುವರು: “ಅಜ್ಜ, ಈ ವಾರ ಪೆಟ್ಟಿಗೆ ನೋಡಿದಿರಾ?”